ಪೋಸ್ಟರ್ ಸಿಕ್ಕಿದ್ದಕ್ಕೆ ಬೇಜಾರೇಕೆ?

ಜೀವಕೋಶಗಳ ಹೊರಗಿನ ಜಾಲ, ಅಂದರೆ ಇಸಿಎಂ, ನನ್ನ ಕ್ಷೇತ್ರ. ಸಮ್ಮೇಳನಗಳ ಕಾಲ ಬಂತೆಂದರೆ ಕೆಳಗಿನ ಮೊದಲ ಪ್ರಶ್ನೆ ಬಂದೇ ಬರುತ್ತದೆ. ಈ ಸಲ ಅದಕ್ಕೇ ಜಾಸ್ತಿ ಜಾಗ.

ಪ್ರಶ್ನೆ: ಬೆಂಗಳೂರಿನಲ್ಲಿ ಪಿಎಚ್‌ಡಿ ಎರಡನೇ ವರ್ಷ. ಹೊರದೇಶದ ಇಸಿಎಂ ಸಮ್ಮೇಳನದಲ್ಲಿ ಭಾಷಣ ಸಿಗಲಿಲ್ಲ, ಬರೀ ಪೋಸ್ಟರ್ (ಕೆಲಸವನ್ನು ದೊಡ್ಡ ಹಾಳೆಯಲ್ಲಿ ತೂಗುಹಾಕಿ, ಪಕ್ಕ ನಿಂತು ವಿವರಿಸುವ ಅವಕಾಶ) ಸಿಕ್ಕಿದೆ. ಡೇಟಾ ಇನ್ನೂ ಅರ್ಧಂಬರ್ಧ. 'ಜರ್ನಲ್‌ನಲ್ಲಿ ಪೇಪರ್ ಬಂದ ಮೇಲೆ ಹೋಗು' ಅಂತಾರೆ ಗೈಡ್. ಹೋಗಲಾ?

ಉತ್ತರ: ಹೋಗಿ. 'ಬರೀ ಪೋಸ್ಟರ್' ಎನ್ನುವುದನ್ನು ಮೊದಲು ಬಿಡಿ. ಹತ್ತು ನಿಮಿಷ ಭಾಷಣ ಮಾಡಿದರೆ ಎರಡು ಪ್ರಶ್ನೆ ಬರುತ್ತವೆ, ಅಷ್ಟರಲ್ಲಿ ಟೈಮ್ ಮುಗಿಯುತ್ತದೆ. ಪೋಸ್ಟರ್ ಮುಂದೆ ಎರಡು ಗಂಟೆ ನಿಂತರೆ, ಅದೇ ಪ್ರಯೋಗ ಮಾಡಿ ಕೈ ಸುಟ್ಟುಕೊಂಡವರು ಹತ್ತಿರ ಬಂದು ಮಾತಾಡುತ್ತಾರೆ. ಮ್ಯಾಟ್ರಿಜೆಲ್ (ಲ್ಯಾಬಿನಲ್ಲಿ ಜೀವಕೋಶ ಬೆಳೆಸಲು ಬಳಸುವ ಜೆಲ್) ಯಾವ ಬ್ಯಾಚು ಅಂತ ಕೇಳುತ್ತಾರೆ. ಅದು ಇಲಿಯ ಕ್ಯಾನ್ಸರ್ ಗೆಡ್ಡೆಯಿಂದ ತೆಗೆದದ್ದು, ಒಂದು ಬ್ಯಾಚಿನ ಹಾಗೆ ಇನ್ನೊಂದು ಇರುವುದಿಲ್ಲ. ಬರೀ ಕೊಲಾಜೆನ್ (ಇಸಿಎಂನ ಮುಖ್ಯ ಪ್ರೋಟೀನ್) ಜೆಲ್‌ನಲ್ಲೂ ಇದೇ ಫಲಿತಾಂಶ ಬಂತಾ ಅಂತಲೂ ಕೇಳುತ್ತಾರೆ. ಇಂಥ ಪ್ರಶ್ನೆ ಪೇಪರ್ ಅಚ್ಚಾದ ಮೇಲೆ ಬಂದರೆ ಏನು ಮಾಡುತ್ತೀರಿ? ಡೇಟಾ ಅರ್ಧ ಇರುವಾಗಲೇ ಬರಬೇಕು, ಅಲ್ವಾ?

ಕೊಲಾಜೆನ್‌ನ ಮೂರೆಳೆ ರಚನೆಯನ್ನೇ ನೋಡಿ. ವಿಜ್ಞಾನಿಗಳಾದ ಜಿ. ಎನ್. ರಾಮಚಂದ್ರನ್, ಗೋಪಿನಾಥ್ ಕರ್ತಾ ಮದ್ರಾಸಿನಿಂದ ಅದನ್ನು ಮುಂದಿಟ್ಟಿದ್ದು 1954ರಲ್ಲಿ. ಮರುವರ್ಷವೇ ತಾವೇ ತಿದ್ದಿದರು. ಎಲ್ಲ ಸರಿಹೋಗಲಿ ಅಂತ ಅವರು ಕಾಯಲಿಲ್ಲ.

ನಿಮ್ಮ ಗೈಡ್‌ಗೆ ಐಡಿಯಾ ಕದಿಯುತ್ತಾರೆಂಬ ಭಯ ಇರಬಹುದು. ಅದು ಸುಳ್ಳು ಭಯವಲ್ಲ. ನಾನು ವಿದ್ಯಾರ್ಥಿಯಾಗಿದ್ದಾಗ ಪೋಸ್ಟರಿನ ಫೋಟೊ ತೆಗೆದುಕೊಂಡು ಹೋದವರ ಪೇಪರು ನನ್ನದಕ್ಕಿಂತ ಮೊದಲು ಬಂತು. ಇವತ್ತಿಗೂ ನನ್ನ ಲ್ಯಾಬಿನವರ ಪೋಸ್ಟರಿನ ಮೂಲೆಯಲ್ಲಿ 'ಫೋಟೊ ಬೇಡ' ಅಂತ ಬರೆಸುತ್ತೇನೆ. ಗಾರ್ಡನ್ ರಿಸರ್ಚ್ ಕಾನ್ಫರೆನ್ಸ್‌ಗಳಲ್ಲಿ ಫೋಟೊ ತೆಗೆಯುವಂತೆಯೇ ಇಲ್ಲ. ಅವುಗಳಲ್ಲಿ ಅನೇಕಕ್ಕೆ ಮುಂಚಿನ ಎರಡು ದಿನ ವಿದ್ಯಾರ್ಥಿಗಳು, ಪಿಎಚ್‌ಡಿ ಮುಗಿಸಿ ಸಂಶೋಧನೆ ಮಾಡುವ ಪೋಸ್ಟ್‌ಡಾಕ್‌ಗಳಿಗಾಗಿಯೇ ಬೇರೆ ಸೆಮಿನಾರ್ ಇರುತ್ತದೆ. ಹಿರಿಯರ ಮುಂದೆ ಬಾಯಿ ಬಾರದವರು ಅಲ್ಲಿಂದ ಶುರು ಮಾಡಿ.

ಇನ್ನು ದುಡ್ಡು. ಸಂಶೋಧನೆಗೆ ನೆರವು ಕೊಡುವ ಸರ್ಕಾರಿ ಸಂಸ್ಥೆಗಳಾದ ಎಎನ್‌ಆರ್‌ಎಫ್, ಸಿಎಸ್‌ಐಆರ್‌ನಂಥ ಕಡೆ ಪ್ರಯಾಣದ ನೆರವಿಗೆ ಈಗಲೇ ವಿಚಾರಿಸಿ. ನೋಂದಣಿ ಶುಲ್ಕ ಬಿಡಲು ಆಯೋಜಕರಿಗೆ ಬರೆಯಿರಿ, ಕೇಳಲು ನಾಚಿಕೆ ಬೇಡ. ಸಾಲ ಮಾಡಿ ಮಾತ್ರ ಹೋಗಬೇಡಿ. ಗೈಡ್‌ಗಳಿಗೂ ಒಂದು ಮಾತು: ವಿದ್ಯಾರ್ಥಿ ತನ್ನ ಸ್ಟೈಫಂಡಿನಿಂದ ಟಿಕೆಟ್ ತೆಗೆದು, ಆ ದುಡ್ಡಿಗಾಗಿ ತಿಂಗಳುಗಟ್ಟಲೆ ಆಫೀಸಿಗೆ ಅಲೆಯುವಂತೆ ಮಾಡಬೇಡಿ. ಮುಂಗಡ ಕೊಡಿಸಿ. ಸಮ್ಮೇಳನಕ್ಕೆ ಹೋದಾಗ ನಿಮ್ಮ ಹಳೇ ಸ್ನೇಹಿತರನ್ನು ನಿಮ್ಮ ವಿದ್ಯಾರ್ಥಿನಿಯ ಪೋಸ್ಟರಿನ ಹತ್ತಿರ ಕರೆದುಕೊಂಡು ಬನ್ನಿ, ಆಮೇಲೆ ಪಕ್ಕಕ್ಕೆ ಸರಿಯಿರಿ. ಉತ್ತರ ಅವಳೇ ಕೊಡಲಿ.

ಪ್ರಶ್ನೆ: 'ನೀವೇ ಮುಖ್ಯ ಭಾಷಣಕಾರರು, ಶುಲ್ಕ ಕಟ್ಟಿ' ಅಂತ ಇಮೇಲ್ ಬಂದಿದೆ. ನಂಬಬಹುದಾ?

ಉತ್ತರ: ಬೇಡ. ಪರಿಚಯವೇ ಇಲ್ಲದವರು ಎರಡನೇ ವರ್ಷದ ವಿದ್ಯಾರ್ಥಿಯನ್ನು ಮುಖ್ಯ ಭಾಷಣಕ್ಕೆ ಸುಮ್ನೆ ಕರೆಯುವುದಿಲ್ಲ. ಮೋಸದ ಜರ್ನಲ್, ಸಮ್ಮೇಳನಗಳ ಕೇಸಿನಲ್ಲಿ ಹೈದರಾಬಾದಿನ ಓಮಿಕ್ಸ್ ಕಂಪನಿ 5 ಕೋಟಿ ಡಾಲರ್‌ಗೂ ಜಾಸ್ತಿ ಕಟ್ಟಬೇಕೆಂದು 2019ರಲ್ಲಿ ಅಮೆರಿಕದ ಕೋರ್ಟು ಆದೇಶಿಸಿತು. ಇಷ್ಟಾದ ಮೇಲೂ ನಮ್ಮ ಮಕ್ಕಳು ಇಂಥ ಇಮೇಲ್‌ಗೆ ದುಡ್ಡು ಕಟ್ಟುತ್ತಿರುವುದು ನೋಡಿದರೆ ಹೊಟ್ಟೆ ಉರಿಯುತ್ತದೆ.

ಪ್ರಶ್ನೆ: ಕೊಲಾಜೆನ್ ಪುಡಿ ಕುಡಿದರೆ ಅದು ನೇರ ಮಂಡಿಗೆ ಹೋಗುತ್ತದಂತೆ, ನಿಜವಾ?

ಉತ್ತರ: ಇಲ್ಲ. ಹೊಟ್ಟೆ, ಕರುಳಿನಲ್ಲಿ ಅದು ಬೇರೆ ಪ್ರೋಟೀನಿನ ಹಾಗೇ ಒಡೆದು ಚೂರಾಗುತ್ತದೆ. ಆ ಚೂರುಗಳಿಗೆ ನಿಮ್ಮ ಮಂಡಿಯ ವಿಳಾಸ ಗೊತ್ತಿಲ್ಲ. ನೋವಿದ್ದರೆ ಮೂಳೆ ಡಾಕ್ಟರಿಗೆ ತೋರಿಸಿ.