ವೃತ್ತಕ್ಕೆ ಚಪ್ಪಟೆ ಬಂದಾಗ

ಪ್ರಶ್ನೆ: ಇಳಕಲ್ಲಿನಲ್ಲಿ ನಮ್ಮದು ಸಣ್ಣ ಗ್ರಾನೈಟ್ ಘಟಕ. ಕಂಪ್ಯೂಟರ್ ಹೇಳಿದಂತೆ ಕೊರೆಯುವ, ಆರು ವರ್ಷದ ಸಿಎನ್‌ಸಿ ಮಷಿನ್. ಎಕ್ಸ್ (ಎಡ-ಬಲ), ವೈ (ಹಿಂದೆ-ಮುಂದೆ) ಎರಡಕ್ಕೂ ರ‍್ಯಾಕ್-ಪಿನಿಯನ್ (ಹಲ್ಲಿನ ಪಟ್ಟಿ, ಅದರ ಮೇಲೆ ಉರುಳುವ ಹಲ್ಲಿನ ಚಕ್ರ), ಝಡ್‌ಗೆ ಬಾಲ್ ಸ್ಕ್ರೂ (ಮೇಲೆ-ಕೆಳಗೆ ಓಡಿಸುವ, ಗುಂಡು ತುಂಬಿದ ನಟ್ಟಿನ ತಿರುಪು). ಅಡುಗೆಕಟ್ಟೆಗೆ ಸಿಂಕ್ ಕಿಂಡಿ ಕೊರೆಯುವವರೆಗೆ ತೊಂದರೆ ಇರಲಿಲ್ಲ. ಈಗ ದೇವರಮನೆಗೆ ಕೆಂಪು ಕಲ್ಲಿನಲ್ಲಿ ಗುಂಡನೆ ಗುಳಿ ಕೊರೆದು ಕರಿಕಲ್ಲಿನ ಬಿಲ್ಲೆ ಕೂರಿಸುವ ಕೆಲಸ ಹಿಡಿದಿದ್ದೇವೆ. 200 ಮಿ.ಮೀ. ವೃತ್ತದ ಎಡಕ್ಕೂ ಬಲಕ್ಕೂ ಐದೂವರೆ ಮಿ.ಮೀ.ನಷ್ಟು ಚಪ್ಪಟೆ ಬರುತ್ತಿದೆ, ಬಿಲ್ಲೆ ಕೂರುತ್ತಿಲ್ಲ. ಒಬ್ಬ ಮೆಕ್ಯಾನಿಕ್ ಸರ್ವೋ ಮೋಟಾರ್ (ಅಳತೆ ಎಣಿಸಿಕೊಂಡು ಓಡಿಸುವ ಮೋಟಾರ್) ಬದಲಿಸಿ ಅಂದರು. ಇನ್ನೊಬ್ಬರು ಕಂಟ್ರೋಲರಿನಲ್ಲಿ ಒಂದು ನಂಬರ್ ಹಾಕಿದರೆ ಆಯಿತು ಅನ್ನುತ್ತಾರೆ. ಯಾರ ಮಾತು ಕೇಳಬೇಕು ಸರ್?
– ಓದುಗರು, ಇಳಕಲ್

ಉತ್ತರ: ಸದ್ಯಕ್ಕೆ ಇಬ್ಬರದೂ ಬೇಡ. ನಿಮ್ಮ ಬಿಲ್ಲೆಯೇ ಅರ್ಧ ವಿಷಯ ಹೇಳಿಬಿಟ್ಟಿದೆ.

ಹಳೇ ಟ್ರ್ಯಾಕ್ಟರಿನ ಸ್ಟೇರಿಂಗ್ ನೆನಪು ಮಾಡಿಕೊಳ್ಳಿ. ಎಡಕ್ಕೆ ತಿರುಗಿಸಿದ್ದನ್ನು ಬಲಕ್ಕೆ ತರುವಾಗ ಮೊದಲ ನಾಲ್ಕು ಬೆರಳಿನಷ್ಟು ಖಾಲಿ ತಿರುಗುತ್ತದೆ, ಆಮೇಲೆ ಗಾಲಿ ಹೊರಳುತ್ತದೆ. ನಾವು ಪ್ಲೇ ಅನ್ನುತ್ತೇವೆ, ಪುಸ್ತಕದವರು ಬ್ಯಾಕ್‌ಲ್ಯಾಶ್ ಅನ್ನುತ್ತಾರೆ. ವೃತ್ತ ಕೊರೆಯುವಾಗ ಎಕ್ಸ್ ದಿಕ್ಕು ಬದಲಿಸುವುದು ಎಡ ಮತ್ತು ಬಲ ತುದಿಯಲ್ಲಿ. ಅಲ್ಲಿ ಮೋಟಾರ್ ಹಿಂದಕ್ಕೆ ಹೊರಟರೂ ಸ್ಪಿಂಡಲ್ (ಟೂಲ್ ಹಿಡಿದು ತಿರುಗಿಸುವ ಭಾಗ) ಎಡಬಲಕ್ಕೆ ಕದಲದೆ ನಿಂತೇ ಇರುತ್ತದೆ, ವೈ ಮಾತ್ರ ಓಡುತ್ತಿರುತ್ತದೆ. ಅದೇ ಆ ಚಪ್ಪಟೆ. ವೃತ್ತದ ಹಿಂದಿನ-ಮುಂದಿನ ತುದಿಯಲ್ಲಿ ಬಂದಿದ್ದರೆ ವೈ ಮೇಲೆ ಅನುಮಾನ ಪಡುತ್ತಿದ್ದೆ.

ಅಷ್ಟೇ ಅಲ್ಲ, ಚಪ್ಪಟೆಯ ಉದ್ದವನ್ನು ಅದರಿಂದಲೇ ಗುಣಿಸಿ ವೃತ್ತದ ವ್ಯಾಸದಿಂದ ಭಾಗಿಸಿ: 5.5 × 5.5 ಅಂದರೆ 30 ಚಿಲ್ಲರೆ, ಅದನ್ನು 200ರಿಂದ ಭಾಗಿಸಿದರೆ 0.15. ನಿಮ್ಮ ಎಕ್ಸ್‌ನಲ್ಲಿ ಸುಮಾರು 0.15 ಮಿ.ಮೀ. ಪ್ಲೇ ಇದೆ. ಸಿಂಕ್ ಕಿಂಡಿಗೆ ಇದು ಲೆಕ್ಕಕ್ಕೇ ಇಲ್ಲ, ಸಿಲಿಕಾನ್ ಮುಚ್ಚಿಬಿಡುತ್ತದೆ. ಬಿಲ್ಲೆ ಕೂರಿಸುವವನ ಕೆಲಸ ಕೆಡಿಸಲು ಇಷ್ಟೇ ಸಾಕು. ಮೋಟಾರ್ ಎಣಿಕೆ ತಪ್ಪುತ್ತಿದ್ದರೆ ತಪ್ಪು ಕೆಲಸದಿಂದ ಕೆಲಸಕ್ಕೆ ಬೆಳೆಯುತ್ತಾ ಹೋಗುತ್ತಿತ್ತು, ಇಡೀ ಚಿತ್ರವೇ ಪಕ್ಕಕ್ಕೆ ಸರಿಯುತ್ತಿತ್ತು. ನಿಮ್ಮಲ್ಲಿ ಹಾಗಾಗಿಲ್ಲ. ಹಾಗಾಗಿ ಮೋಟಾರಿಗೆ ಕೈ ಹಾಕಬೇಡಿ.

ಈಗ ಡಯಲ್ ಗೇಜ್ (ಸಣ್ಣ ಕದಲಿಕೆಯನ್ನೂ ಮುಳ್ಳಿನಲ್ಲಿ ತೋರಿಸುವ ಅಳತೆಗಡಿಯಾರ) ತೆಗೆದುಕೊಳ್ಳಿ, 0.01 ಮಿ.ಮೀ. ಓದುವಂಥದ್ದು, ಮ್ಯಾಗ್ನೆಟ್ ಸ್ಟ್ಯಾಂಡಿನ ಸಮೇತ. ಸ್ಟ್ಯಾಂಡನ್ನು ಬೆಡ್ಡಿನ ಗಟ್ಟಿ ಉಕ್ಕಿನ ಮೇಲೆ ಕೂರಿಸಿ. ಪೀಣ್ಯದಲ್ಲಿದ್ದಾಗ ಎರಡು ದಿನ ಇಲ್ಲದ ಪ್ಲೇ ಹುಡುಕಿದವನು ನಾನು. ಸ್ಟ್ಯಾಂಡ್ ಕೂತಿದ್ದದ್ದು ತಗಡಿನ ಮುಚ್ಚಳದ ಮೇಲೆ, ಮಷಿನ್ ಅಲ್ಲಾಡಿದರೆ ತಗಡೂ ಅಲ್ಲಾಡುತ್ತಿತ್ತು. ಹೆಲ್ಪರ್ ಹುಡುಗ ತೋರಿಸಿಕೊಟ್ಟ. ಟೀ ದುಡ್ಡು ನನ್ನದೇ ಆಯಿತು.

ಸ್ಪಿಂಡಲ್ ಆಫ್ ಮಾಡಿ. ಕಂಟ್ರೋಲರಿನಲ್ಲಿ ಬ್ಯಾಕ್‌ಲ್ಯಾಶ್ ಪರಿಹಾರದ ನಂಬರ್ ಏನಾದರೂ ಇದ್ದರೆ ಬರೆದಿಟ್ಟುಕೊಂಡು ಸೊನ್ನೆ ಮಾಡಿ, ಇಲ್ಲದಿದ್ದರೆ ಅಳತೆ ಸುಳ್ಳು ಹೇಳುತ್ತದೆ. ಡಯಲಿನ ಕಡ್ಡಿ ಸ್ಪಿಂಡಲ್ ಹಿಡಿಕೆಗೆ ತಾಗಲಿ, ಎಕ್ಸ್‌ಗೆ ನೇರವಾಗಿರಲಿ. ಒಂದೇ ದಿಕ್ಕಿನಲ್ಲಿ 0.1, 0.1 ಎಂದು ಓಡಿಸುತ್ತಾ ಹೋಗಿ. ಮುಳ್ಳು ಅಷ್ಟಷ್ಟೇ ಹೆಜ್ಜೆ ಹಾಕತೊಡಗಿದ ಮೇಲೆ ಡಯಲ್ ಸೊನ್ನೆಗೆ ತಿರುಗಿಸಿ. ಇನ್ನು ಎದುರು ದಿಕ್ಕಿಗೆ 0.01ರಂತೆ ಕ್ಲಿಕ್ ಮಾಡಿ. ಮುಳ್ಳು ಕದಲುವ ಮುನ್ನ ಎಷ್ಟು ಕ್ಲಿಕ್ ಖಾಲಿ ಹೋದವೋ ಅಷ್ಟು ಪ್ಲೇ. ಮೂರು ಸಲ ಮಾಡಿ. ಆಮೇಲೆ ರ‍್ಯಾಕಿನ ಉದ್ದಕ್ಕೂ ಐದು ಕಡೆ ಇದೇ ಕೆಲಸ. ಇದನ್ನು ಯಾರೂ ಮಾಡುವುದಿಲ್ಲ, ನೀವು ಮಾಡಿ. ಸಣ್ಣ ಕೆಲಸವೆಲ್ಲ ಒಂದೇ ಮೂಲೆಯಲ್ಲಿ ನಡೆದಿರುತ್ತದೆ, ಅಲ್ಲಿಯ ಹಲ್ಲು ಸವೆದಿರುತ್ತದೆ, ಮಿಕ್ಕಲ್ಲಿ ಹೊಸದರಂತೆ ಇರುತ್ತದೆ.

ಐದೂ ಕಡೆ ಒಂದೇ ಅಂಕಿ ಬಂದರೆ ದೋಷ ರ‍್ಯಾಕಿನದಲ್ಲ. ಪಿನಿಯನ್, ಗೇರ್‌ಬಾಕ್ಸ್, ಅದನ್ನು ಹಿಡಿದ ಪ್ಲೇಟ್, ಇವುಗಳಲ್ಲಿ ಹುಡುಕಿ. ಸರ್ವೋ ಆನ್ ಇರಲಿ, ಕಂಟ್ರೋಲ್ ಹತ್ತಿರ ಒಬ್ಬರು ಯಾರೂ ಬಟನ್ ಒತ್ತದಂತೆ ಕಾಯಲಿ, ಇನ್ನೊಬ್ಬರು ಸ್ಪಿಂಡಲ್ ಗಾಡಿಯನ್ನು ಕೈಯಲ್ಲಿ ದೂಡಲಿ. ಮುಳ್ಳು ಹೋಗಿ ತಾನಾಗಿ ವಾಪಸ್ಸು ಬಂದರೆ ಅದು ಬಾಗುವಿಕೆ. ಹೋದಲ್ಲೇ ನಿಂತರೆ ಪ್ಲೇ. ಕೀಲು ಕೀಲಿಗೂ ಡಯಲ್ ಹಚ್ಚಿ ನೋಡುತ್ತಾ ಹೋಗಿ, ಹಲ್ಲಿನ ನಡುವೆ ಬೆರಳು ಇಡಬೇಡಿ. ನನ್ನ ಅನುಭವದಲ್ಲಿ ಮೊದಲು ಸಿಕ್ಕಿಬೀಳುವುದು ಪಿನಿಯನ್ ಹಿಡಿದಿರುವ ಸ್ಕ್ರೂ ಮತ್ತು ಪ್ಲೇಟಿನ ಬೋಲ್ಟು. ಒಂದು ಅಲೆನ್ ಕೀ ಖರ್ಚು. ಗೇರ್‌ಬಾಕ್ಸ್ ಆದರೆ ಲೆಕ್ಕ ಹೀಗೆ: ಪಿನಿಯನ್ ವ್ಯಾಸ 40 ಮಿ.ಮೀ. ಇದ್ದರೆ ಗೇರ್‌ಬಾಕ್ಸಿನ ಒಂದು ಆರ್ಕ್-ಮಿನಿಟ್ (ಡಿಗ್ರಿಯ ಅರವತ್ತರಲ್ಲಿ ಒಂದು ಪಾಲು) ಪ್ಲೇ ಅಂಚಿನಲ್ಲಿ ಸುಮಾರು 0.006 ಮಿ.ಮೀ. ಆಗುತ್ತದೆ. 15 ಆರ್ಕ್-ಮಿನಿಟ್‌ನದ್ದು ಕೊಂಡಿದ್ದರೆ ಅದೊಂದರಿಂದಲೇ 0.09. ಅದರ ಮೇಲೆ ಅಂಟಿಸಿದ ವಿವರದ ತಗಡು ಓದಿ ನೋಡಿ.

ಒಂದೇ ಕಡೆ ಜಾಸ್ತಿ ಬಂದರೆ ರ‍್ಯಾಕಿನ ಆ ತುಂಡು ಬದಲಿಸಿ. ಸವೆದ ಜಾಗಕ್ಕೆ ಸರಿಯಾಗಿ ಪಿನಿಯನ್ನನ್ನು ಒತ್ತಿ ಕೂರಿಸಿದಿರೋ, ಸವೆಯದ ಕಡೆ ಹೋದಾಗ ಮಷಿನ್ ಬಿಗಿದು ನರಳುತ್ತದೆ.

ಸವೆಯುವುದೇಕೆ? ನಿಮ್ಮೂರ ಕೆಂಪು ಗ್ರಾನೈಟಿನಲ್ಲಿ ಬೆಣಚು ಇದೆ. ಮೋಹ್ಸ್ ಗಡಸುತನದಲ್ಲಿ ಅದು 7, ಚಾಕುವಿನ ಅಲಗು ಸುಮಾರು 5.5. ಆ ಕೆಸರು ಗ್ರೀಸಿಗೆ ಸೇರಿದರೆ ಅದು ಗ್ರೀಸಲ್ಲ, ಸಾಣೆ ಹಿಟ್ಟು. ರ‍್ಯಾಕಿನ ಗ್ರೀಸ್ ಬೂದು ಬಣ್ಣಕ್ಕೆ ತಿರುಗಿದ್ದರೆ ಮೇಲೆ ಹೊಸದು ಬಳಿಯಬೇಡಿ, ಹಳೆಯದನ್ನು ಡೀಸೆಲ್‌ನಲ್ಲಿ ಅದ್ದಿದ ಬ್ರಷ್ಷಿನಿಂದ ತೊಳೆದು ಬಟ್ಟೆಯಲ್ಲಿ ಒರೆಸಿ ಆಮೇಲೆ ಹಚ್ಚಿ.

ಇನ್ನು ಎರಡನೆಯವರು ಹೇಳಿದ ಆ ನಂಬರ್, ಅಂದರೆ ದಿಕ್ಕು ಬದಲಿಸುವಾಗ ಮೋಟಾರನ್ನು ಪ್ಲೇಯಷ್ಟು ಹೆಚ್ಚಿಗೆ ತಿರುಗಿಸುವ ಬ್ಯಾಕ್‌ಲ್ಯಾಶ್ ಪರಿಹಾರ. ಸ್ಕ್ರೂ ಬಿಗಿದು, ಹಲ್ಲು ಸರಿ ಮಾಡಿ, ಎಲ್ಲಾ ಕಡೆ 0.03, 0.04 ಉಳಿದರೆ ಧಾರಾಳವಾಗಿ ಹಾಕಿ. 0.15 ಹಾಕಿ ಮುಚ್ಚಿಟ್ಟರೆ ಗಾಳಿಯಲ್ಲಿ ಓಡಿಸುವಾಗ ವೃತ್ತ ಚೆನ್ನಾಗಿ ಬರುತ್ತದೆ. ಟೂಲ್ ಕಲ್ಲಿಗೆ ಕಚ್ಚಿದೊಡನೆ ಕಲ್ಲು ಸ್ಪಿಂಡಲನ್ನು ಅದೇ ಖಾಲಿ ಜಾಗದೊಳಗೆ ಆಚೀಚೆ ತಳ್ಳುತ್ತದೆ, ಅದು ಕಂಟ್ರೋಲರಿಗೆ ಗೊತ್ತೇ ಆಗುವುದಿಲ್ಲ.

ಪ್ರಶ್ನೆ: ನಾವು ಶಿವಾರಪಟ್ಟಣದಲ್ಲಿ ವಿಗ್ರಹದ ಪ್ರಭಾವಳಿಗೆ ಮೊದಲ ಕೊರೆತವನ್ನು ಮಷಿನ್‌ನಲ್ಲಿ ಮಾಡುತ್ತೇವೆ. ಝಡ್ ಅಳೆದರೆ ಡಯಲ್ ಪ್ಲೇ ಇಲ್ಲ ಅನ್ನುತ್ತದೆ, ಆದರೂ ಆಳ ಏರುಪೇರು.
– ಓದುಗರು, ಮಾಲೂರು ತಾಲ್ಲೂಕು

ಉತ್ತರ: ಸ್ಪಿಂಡಲಿನ ಭಾರ ಬಾಲ್ ಸ್ಕ್ರೂವಿನ ನಟ್ಟನ್ನು ಯಾವಾಗಲೂ ಒಂದೇ ಕಡೆಗೆ ಒತ್ತಿ ಹಿಡಿದಿರುತ್ತದೆ. ಹೀಗಾಗಿ ಮೇಲೆ ಕೆಳಗೆ ಓಡಿಸಿದರೆ ಪ್ಲೇ ಕಾಣುವುದಿಲ್ಲ. ಕಲ್ಲು ಕೆಳಗಿನಿಂದ ಎತ್ತಿದಾಗ ಕಾಣುತ್ತದೆ. ಸ್ಪಿಂಡಲ್ ಆಫ್ ಮಾಡಿ, ಬೆಡ್ ಮೇಲೆ ಮರದ ತುಂಡಿಟ್ಟು ಹಾರೆಯಿಂದ ಸ್ಪಿಂಡಲ್ ಹಿಡಿಕೆಯನ್ನು ನಿಧಾನ ಮೀಟಿ ಎತ್ತಿ, ಆಗ ಡಯಲ್ ನೋಡಿ. ಮುಳ್ಳು ಏರಿದರೆ ಮೊದಲು ಬಾಲ್ ಸ್ಕ್ರೂ ಮೇಲ್ತುದಿಯ ಬೇರಿಂಗಿನ ಲಾಕ್ ನಟ್ ಬಿಗಿ ಇದೆಯೇ ನೋಡಿ. ಬಾಲ್ ನಟ್ ಬೆಲೆ ವಿಚಾರಿಸುವುದು ಆಮೇಲೆ.