ಕುಲ್‌ಕುಲ್ ಸೊಟ್ಟ ಬಂದರೂ ಪರವಾಗಿಲ್ಲ

ಕಾರವಾರದ ಕೋಡಿಬಾಗದಿಂದ ಒಬ್ಬ ಓದುಗರು ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದು ಕೇಳಿಕೊಂಡಿದ್ದಾರೆ. ಪತ್ರದ ಸಾರ ಇಷ್ಟು:

"ಮದುವೆಯಾಗಿ ಹದಿನಾರು ವರ್ಷ. ಪ್ರತಿ ಕ್ರಿಸ್‌ಮಸ್‌ಗೂ ಒಂಬತ್ತು ಬಗೆಯ ತಿಂಡಿ ನಾನೊಬ್ಬಳೇ ಮಾಡುತ್ತೇನೆ. ಇಪ್ಪತ್ತೆರಡು ಮನೆಗೆ ತಟ್ಟೆ ಹೋಗಬೇಕು. ಹೋದ ವರ್ಷ ಬಟ್ಟೆ, ಲೈಟು, ಹೊಸ ಸೋಫಾ ಎಂದು ನನ್ನ ಬಳೆ ಅಡವಿಟ್ಟೆವು. ಚರ್ಚಿನಲ್ಲಿ ನಡುರಾತ್ರಿಯ ಬಲಿಪೂಜೆಯಲ್ಲಿ (ಹಬ್ಬದ ಪ್ರಾರ್ಥನೆಯಲ್ಲಿ) ನಾನು ಕೂತಲ್ಲೇ ನಿದ್ದೆ ಹೋದೆ. ಮಗಳು ಎಬ್ಬಿಸಿದಳು. ಈ ಸಲ ಎಲ್ಲ ಕಡಿಮೆ ಮಾಡೋಣ ಎಂದರೆ ಅತ್ತೆ ಒಪ್ಪುತ್ತಿಲ್ಲ. ಹಬ್ಬ ಹಬ್ಬದ ಹಾಗೆ ಇರಬೇಕು, ಜನ ಏನಂದಾರು ಎನ್ನುತ್ತಾರೆ. ಕಡಿಮೆ ಮಾಡಿದರೆ ತಪ್ಪಾ?"

ಉತ್ತರ: ತಪ್ಪಲ್ಲ ತಂಗಿ. ಖಂಡಿತ ತಪ್ಪಲ್ಲ. ನಿಮ್ಮ ಪತ್ರವನ್ನು ನಾನು ಮೂರು ಸಲ ಓದಿದೆ. ವರ್ಷವಿಡೀ ಕಾದ ರಾತ್ರಿಯಲ್ಲಿ ನೀವು ನಿದ್ದೆ ಹೋದಿರಿ ಎನ್ನುವ ಒಂದು ಸಾಲು ಮನಸ್ಸಿನಿಂದ ಹೋಗುತ್ತಲೇ ಇಲ್ಲ. ಯಾರ ಹಬ್ಬ ಅದು?

ನಿಮ್ಮ ಅತ್ತೆಯವರ ಮಾತಿನಲ್ಲೂ ಹುರುಳಿದೆ. ಹಬ್ಬ ಬಂದರೆ ಮನೆಯಲ್ಲಿ ಎಣ್ಣೆಯ ವಾಸನೆ ಬರಬೇಕು, ಮಕ್ಕಳಿಗೆ ಹೊಸ ಅಂಗಿ ಬೇಕು, ನಾಲ್ಕು ಜನ ಬಂದುಹೋಗಬೇಕು. ಅವರು ಅದನ್ನೆಲ್ಲ ನೋಡಿಕೊಂಡೇ ಬೆಳೆದವರು. ಆದರೆ ಅವರ ಕಾಲದ ಹಬ್ಬದಲ್ಲಿ ಸೋಫಾ ಇರಲಿಲ್ಲ, ಅಡವು ಅಂಗಡಿಯೂ ಇರಲಿಲ್ಲ. ಇಷ್ಟನ್ನು ಅವರಿಗೇ ಕೇಳಿ ನೋಡಿ.

ನಾನು ಹುಟ್ಟಿ ಬೆಳೆದದ್ದು ಹೊನ್ನಾವರದಲ್ಲಿ. ನಮ್ಮ ಪಕ್ಕದ್ದು ಕ್ರಿಶ್ಚಿಯನ್ನರ ಮನೆ. ಅಲ್ಲೊಬ್ಬ ಅಜ್ಜಿ ಇದ್ದರು. ಡಿಸೆಂಬರ್ ನಡುವಿಗೆ ಬಂತೆಂದರೆ ಒಂದು ಸಂಜೆ ಕೇರಿಯ ಮಕ್ಕಳನ್ನೆಲ್ಲ ಕರೆದು ಜಗಲಿಯಲ್ಲಿ ಕೂರಿಸುತ್ತಿದ್ದರು. ಕೈ ತೊಳೆಸಿ, ಒಬ್ಬೊಬ್ಬರಿಗೆ ಒಂದೊಂದು ಹೊಸ ಬಾಚಣಿಗೆ, ಬಾಚಣಿಗೆ ಸಿಗದವರಿಗೆ ಫೋರ್ಕು. ಹಿಟ್ಟಿನ ಸಣ್ಣ ಉಂಡೆಯನ್ನು ಬಾಚಣಿಗೆಯ ಹಲ್ಲಿನ ಮೇಲೆ ಒತ್ತಿ ಸುರುಳಿ ಸುತ್ತಿದರೆ ಗೀರು ಗೀರಾಗಿ ಕುಲ್‌ಕುಲ್ ಎಂಬ ಕ್ರಿಸ್‌ಮಸ್ ತಿಂಡಿ ಆಗುತ್ತಿತ್ತು. ನನ್ನದು ಯಾವಾಗಲೂ ಸೊಟ್ಟ. ಅಜ್ಜಿ ಅದನ್ನೂ ಎಣ್ಣೆಗೆ ಬಿಟ್ಟು, ಸಕ್ಕರೆ ಪಾಕದಲ್ಲಿ ಹೊರಳಿಸಿ, ಡಬ್ಬಿಗೆ ತುಂಬುತ್ತಿದ್ದರು. ಎರಡು ತಾಸಿನಲ್ಲಿ ಕೆಲಸ ಮುಗಿಯುತ್ತಿತ್ತು, ಯಾರಿಗೂ ಸುಸ್ತಿಲ್ಲ. ಅಜ್ಜಿಯ ಮನೆಯ ಗೋದಲಿಗೆ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯನ್ನು ಗೊಂಬೆಗಳಲ್ಲಿ ತೋರಿಸುವ ಅಲಂಕಾರಕ್ಕೆ, ಹುಲ್ಲನ್ನೂ ಅಂಗಡಿಯಿಂದ ತರುತ್ತಿರಲಿಲ್ಲ. ಒಂದು ಹಳೆಯ ತಟ್ಟೆಯಲ್ಲಿ ಭತ್ತ ಮೊಳಕೆಗಿಟ್ಟು, ಅದು ಹಸಿರಾದ ಮೇಲೆ ಕುರಿಗಳ ನಡುವೆ ಇಡುತ್ತಿದ್ದರು. ದಿನಾ ನೀರು ಹಾಕುವ ಕೆಲಸ ನಮ್ಮದು.

ನಮ್ಮ ಮನೆಗೆ ಬರುವ ತಟ್ಟೆಯಲ್ಲಿ ಕೇಕ್ ಇರುತ್ತಿರಲಿಲ್ಲ, ಮೊಟ್ಟೆ ಅಂತ. ಕರ್ಜಿಕಾಯಿಯಂಥ ನೆವ್ರಿ ಇರುತ್ತಿತ್ತು. ಅದರ ಹೂರಣದಲ್ಲಿ ಕಾಯಿ, ಎಳ್ಳು, ಏಲಕ್ಕಿ. ನಮ್ಮ ಕೇರಿಯ ಕೊಂಕಣಿಗರು ಚೌತಿಗೆ ಮಾಡುವ ನೆವ್ರಿಯೂ ಅದೇ, ಅಲ್ವಾ? ತಟ್ಟೆಯನ್ನು ನಮ್ಮಮ್ಮ ಖಾಲಿ ಕಳಿಸಿದ್ದೇ ಇಲ್ಲ. ಏನೂ ಇಲ್ಲದಿದ್ದರೆ ನಾಲ್ಕು ಬಾಳೆಹಣ್ಣು, ಒಂದು ಹಿಡಿ ಸಕ್ಕರೆ.

ಈಗ ನಿಮ್ಮನ್ನು ಸ್ವಲ್ಪ ಬೈಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಒಂಬತ್ತು ತಿಂಡಿ ಜಾಸ್ತಿಯಾಯಿತು ಎಂದು ಬರೆದಿದ್ದೀರಿ. ನನ್ನ ಕಣ್ಣಿಗೆ ಬಿದ್ದದ್ದು "ನಾನೊಬ್ಬಳೇ" ಎನ್ನುವ ಮಾತು. ಯಾಕೆ ಒಬ್ಬಳೇ? ಗಂಡ ಎಲ್ಲಿದ್ದರು? ಎಬ್ಬಿಸಲು ಬಂದ ಮಗಳಿಗೆ ಹಿಟ್ಟು ಸುತ್ತಲು ಬರುವುದಿಲ್ಲವೇ? ದೊದೊಲ್ ಎಂಬ ಸಿಹಿ ಮಾಡುವವರಿಗೆ ಗೊತ್ತು, ಕಾಯಿಹಾಲು, ಬೆಲ್ಲ, ಅಕ್ಕಿಹಿಟ್ಟನ್ನು ಗಂಟೆಗಟ್ಟಲೆ ಮಗುಚುತ್ತಲೇ ಇರಬೇಕು, ಕೈ ಬಿಟ್ಟರೆ ತಳ ಹಿಡಿಯುತ್ತದೆ. ಅದು ಒಬ್ಬರ ತೋಳಿಗೆ ಆಗುವ ಕೆಲಸವೇ ಅಲ್ಲ. ಒಬ್ಬರು ಸೋತಾಗ ಇನ್ನೊಬ್ಬರು ಸೌಟು ಹಿಡಿಯಬೇಕು. ಅದನ್ನೂ ನೀವೊಬ್ಬರೇ ಮಾಡಿದ್ದೀರಿ ಎಂದರೆ ನಿದ್ದೆ ಬಂದದ್ದು ಹೆಚ್ಚೇನಲ್ಲ.

ನಮ್ಮ ಶಿರಸಿ, ಸಿದ್ದಾಪುರದ ಕಡೆ ಚೌತಿಗೆ ಮುಂಚೆ ಚಕ್ಕುಲಿ ಕಂಬಳ ಎಂದು ಮಾಡುತ್ತಾರೆ. ಊರಿನವರೆಲ್ಲ ಒಂದು ಮನೆಯಲ್ಲಿ ಸೇರಿ ಕೈಯಲ್ಲೇ ಚಕ್ಕುಲಿ ಸುತ್ತುವುದು. ಇವತ್ತು ಈ ಮನೆ, ನಾಳೆ ಆ ಮನೆ. ಗಂಡಸರೂ ಕೂರುತ್ತಾರೆ. ಸುತ್ತುವುದರಲ್ಲಿ ಅವರದ್ದೇ ಹೆಸರು! ಮಾತು, ನಗು, ನಡುವೆ ಚಹಾ. ನಾನು ಮೊದಲ ಸಲ ನೋಡಿದಾಗ ಹೊನ್ನಾವರದ ಅಜ್ಜಿಯ ಜಗಲಿಯೇ ನೆನಪಾಯಿತು. ಹಬ್ಬ ಬೇರೆ, ದೇವರು ಬೇರೆ, ಕೂರುವ ರೀತಿ ಒಂದೇ.

ಕ್ರಿಸ್‌ಮಸ್ ಬಗ್ಗೆ ನಾನು ಓದಿಕೊಂಡದ್ದರಲ್ಲಿ ಎರಡು ವಿಷಯ ನಿಮಗೆ ಹೇಳಲೇಬೇಕು. 1223ರಲ್ಲಿ ಇಟಲಿಯ ಗ್ರೆಚ್ಚೊ ಎಂಬ ಊರಿನಲ್ಲಿ ಸಂತ ಫ್ರಾನ್ಸಿಸ್ ಅಸಿಸಿ ಗೋದಲಿ ಮಾಡಿಸಿದರು. ಇವತ್ತಿನ ಗೋದಲಿಗಳಿಗೆಲ್ಲ ಅದೇ ಮೂಲ ಎನ್ನುತ್ತಾರೆ. ಅಲ್ಲಿ ಇದ್ದದ್ದು ಹುಲ್ಲು, ಒಂದು ಎತ್ತು, ಒಂದು ಕತ್ತೆ, ಅಷ್ಟೇ. ಮಗು ಎಷ್ಟು ಬಡತನದಲ್ಲಿ ಹುಟ್ಟಿತು ಎಂದು ಜನ ಕಣ್ಣಾರೆ ಕಾಣಲಿ ಎನ್ನುವುದು ಅವರ ಆಸೆ. ಇನ್ನೊಂದು, ಸಂತ ನಿಕೋಲಾಸರ ಕತೆ. ಸಾಂತಾ ಕ್ಲಾಸ್ ಹುಟ್ಟಿದ್ದೇ ಅವರಿಂದ. ಮೂರು ಹೆಣ್ಣುಮಕ್ಕಳಿಗೆ ವರದಕ್ಷಿಣೆ ಕೊಡಲಾಗದೆ ಒದ್ದಾಡುತ್ತಿದ್ದ ಒಬ್ಬ ಬಡ ತಂದೆಯ ಮನೆಗೆ ಅವರು ರಾತ್ರಿ ಕಿಟಕಿಯಿಂದ ಚಿನ್ನದ ಗಂಟು ಎಸೆದು ಹೋದರಂತೆ, ಯಾರಿಗೂ ಗೊತ್ತಾಗದ ಹಾಗೆ. ಉಡುಗೊರೆ ಎಂದರೆ ಇನ್ನೊಬ್ಬರ ಮನೆಯ ಹೆಣ್ಣುಮಕ್ಕಳಿಗೆ ಚಿನ್ನ ಮುಟ್ಟುವುದು. ನಿಮ್ಮ ಮನೆಯಲ್ಲಿ ಹಬ್ಬಕ್ಕಾಗಿ ಹೆಣ್ಣುಮಗಳ ಕೈಯ ಬಳೆಯೇ ಹೋಯಿತು. ಇದನ್ನು ಓದಿ ನನಗೆ ತುಂಬಾ ನೋವಾಯಿತು.

ಇನ್ನೂ ಒಂದು. ಚರ್ಚಿನ ಪಂಚಾಂಗದಲ್ಲಿ ಡಿಸೆಂಬರ್ 25 ಹಬ್ಬದ ಕೊನೆ ಅಲ್ಲ, ಶುರು. ಅದಕ್ಕೂ ಮುಂಚಿನ ನಾಲ್ಕು ಭಾನುವಾರ ಆಗಮನ ಕಾಲ, ಅಂದರೆ ಕಾಯುವ ದಿನಗಳು. ಹಬ್ಬದ ದಿನಗಳು ಜನವರಿ 6ರ ಮೂರು ರಾಜರ ಹಬ್ಬದವರೆಗೂ, ಅಂದರೆ ಮಗು ಯೇಸುವನ್ನು ನೋಡಲು ಮೂರು ರಾಜರು ಬಂದದ್ದನ್ನು ನೆನೆಯುವ ದಿನದವರೆಗೂ ಇರುತ್ತವೆ. ಇದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಹಾಗಿದ್ದ ಮೇಲೆ ಇಪ್ಪತ್ತೆರಡೂ ತಟ್ಟೆ 24ರ ಸಂಜೆಯೇ ಯಾಕೆ ಓಡಬೇಕು? ದಿನಕ್ಕೆ ಎರಡು ಮನೆ ಎಂದರೂ ಮೂರು ರಾಜರು ಬರುವುದರೊಳಗೆ ಎಲ್ಲರಿಗೂ ಮುಟ್ಟುತ್ತದೆ. ಹೋದ ಮನೆಯಲ್ಲಿ ಕೂತು ಒಂದು ಲೋಟ ಚಹಾ ಕುಡಿಯಲೂ ಪುರುಸೊತ್ತು ಸಿಗುತ್ತದೆ.

ಇದು ಬರೀ ನಿಮ್ಮ ಮನೆಯ ಕತೆ ಅಲ್ಲ ಬಿಡಿ. ನಮ್ಮ ಜಿಲ್ಲೆಯಲ್ಲಿ ಯಾವ ಹಬ್ಬಕ್ಕೆ, ಯಾವ ಮದುವೆಗೆ ಹೋದರೂ ಇದೇ ಗೋಳು. ನನ್ನ ಹತ್ತಿರದ ಸಂಬಂಧಿಕರೊಬ್ಬರು ಗೃಹಪ್ರವೇಶಕ್ಕೆ ಮಾಡಿದ ಸಾಲವನ್ನು ಅಡಿಕೆ ಕೊಯ್ಲಿನ ದುಡ್ಡಿನಲ್ಲಿ ನಾಲ್ಕು ವರ್ಷ ತೀರಿಸಿದರು. ಬಂದವರಿಗೆಲ್ಲ ಸ್ಟೀಲ್ ಡಬ್ಬಿ ಹಂಚಿದ್ದರು, ಆ ಡಬ್ಬಿ ಈಗ ಯಾರ ಮನೆಯಲ್ಲೂ ಕಾಣುವುದಿಲ್ಲ. ದೀಪಾವಳಿಗೆ ಕಂತಿನಲ್ಲಿ ಟಿವಿ, ಚೌತಿಗೆ ಪಕ್ಕದ ಓಣಿಗಿಂತ ದೊಡ್ಡ ಪೆಂಡಾಲು, ಹುಟ್ಟುಹಬ್ಬಕ್ಕೆ ಹಾಲ್. ಹಬ್ಬವನ್ನು ಮೊಬೈಲಿಗೆ ತೋರಿಸುವ ಹೊತ್ತಿಗೆ ಪಾಯಸ ತಣ್ಣಗಾಗಿರುತ್ತದೆ. ಇದನ್ನು ನಾನು ಈ ಪುಟದಲ್ಲಿ ಎಷ್ಟು ಸಲ ಬರೆದಿದ್ದೇನೋ, ಇನ್ನೂ ಬರೆಯುತ್ತೇನೆ. ಯಾಕೆಂದರೆ ಕೊನೆಗೆ ಒಲೆಯ ಮುಂದೆ ಬೆವರುವವಳು ಹೆಂಗಸು, ರಾತ್ರಿ ಲೆಕ್ಕ ಹಾಕಿ ನಿದ್ದೆಗೆಡುವವಳೂ ಅವಳೇ.

ಹಾಗಾದರೆ ಏನು ಮಾಡುವುದು ಎಂದು ಕೇಳುತ್ತೀರಿ. ಒಂಬತ್ತರಲ್ಲಿ ಮೂರು ಸಾಕು. ಯಾವ ಮೂರು ಎಂದು ಅತ್ತೆಯವರೇ ಆರಿಸಲಿ, ಆಗ ಅವರ ಮಾತೂ ಉಳಿಯುತ್ತದೆ. ಸೋಫಾ, ಹೊಸ ಲೈಟು ಈ ವರ್ಷ ಬೇಡವೇ ಬೇಡ. ಹಳೆಯ ನಕ್ಷತ್ರಕ್ಕೆ ಬಣ್ಣದ ಕಾಗದ ಅಂಟಿಸಿದರೆ ಸಾಕು. ಬಳೆ ಇನ್ನೂ ಬಿಡಿಸಿಕೊಂಡಿಲ್ಲದಿದ್ದರೆ ಈ ಸಲದ ಬಟ್ಟೆಯ ದುಡ್ಡು ಮೊದಲು ಅಲ್ಲಿಗೆ ಹೋಗಲಿ. 22ನೇ ತಾರೀಖಿನ ಒಳಗೆ ಒಂದು ಸಂಜೆ ಗಂಡ, ಮಕ್ಕಳು, ಅಕ್ಕಪಕ್ಕದವರನ್ನು ಕೂರಿಸಿ ಕೈಗೊಂದು ಬಾಚಣಿಗೆ ಕೊಡಿ. ಅತ್ತೆಯವರಿಗೆ ಕುರ್ಚಿ ಹಾಕಿ, ಹಳೆಯ ಕತೆ ಹೇಳಲಿ. 24ರ ಮಧ್ಯಾಹ್ನ ನೀವು ಮಲಗಿ. ಬಾಗಿಲು ಹಾಕಿಕೊಂಡು ಮಲಗಿ.

ಜನವರಿ 6 ಕಳೆದ ಮೇಲೆ ನನಗೊಂದು ಪತ್ರ ಹಾಕಿ. ಬಲಿಪೂಜೆಯಲ್ಲಿ ಕೊನೆಯ ಹಾಡಿನವರೆಗೂ ಎಚ್ಚರವಿದ್ದಿರಾ ಎಂದು ತಿಳಿಯಬೇಕು. ಯಾರ ಕುಲ್‌ಕುಲ್ ಎಲ್ಲರದ್ದಕ್ಕಿಂತ ಸೊಟ್ಟ ಬಂತು, ಅದನ್ನೂ ಬರೆಯಿರಿ.