ಪಠ್ಯಕ್ರಮದಲ್ಲಿರುವ ಪತ್ರಿಕೆ ತರಗತಿಯಲ್ಲಿಲ್ಲ

ಪ್ರಶ್ನೆ: ಇತಿಹಾಸ ಎಂ.ಎ. ಎರಡನೇ ಸೆಮಿಸ್ಟರ್ ಮುಗಿಸಿದ್ದೇನೆ. ಬಿ.ಇಡ್. ಮಾಡು ಎಂದ ಅಪ್ಪನ ಮಾತು ಮೀರಿ, ಶಾಸನ ಓದಲು ಕಲಿಯಬೇಕೆಂದು ಇಲ್ಲಿಗೆ ಸೇರಿದೆ. ತರಗತಿಯೆಂದರೆ ಬರೀ ನೋಟ್ಸ್ ಬರೆಸುವುದು. ಮೂರು ಪುಸ್ತಕ ತುಂಬಿದೆ, ಒಂದು ಶಾಸನದ ಚಿತ್ರವನ್ನೂ ನೋಡಿಲ್ಲ. ಶಾಸನಶಾಸ್ತ್ರದ ಐಚ್ಛಿಕ ಪತ್ರಿಕೆಯನ್ನು ಕಲಿಸುವವರಿಲ್ಲವೆಂದು ಈ ವರ್ಷವೂ ಕೊಡುವುದಿಲ್ಲವಂತೆ. ಬಿಟ್ಟುಬಿಡಲೇ? ಅಪ್ಪನಿಗೆ ಏನು ಹೇಳಲಿ?
– ಹೆಸರು ಬೇಡ, ಶಿಕಾರಿಪುರ ತಾಲೂಕು

ಉತ್ತರ: ಮೂರು ಪುಸ್ತಕ ತುಂಬಿಯೂ ಒಂದು ಅಕ್ಷರ ಕಾಣಲಿಲ್ಲವೆಂದರೆ ಯಾರಿಗಾದರೂ ಹೊಟ್ಟೆ ಉರಿಯುತ್ತದೆ. ಹೊಂದಿಕೊಳ್ಳಲು ಬಾರದವಳು ಎಂದು ನಿಮ್ಮನ್ನು ನೀವೇ ಹಳಿದುಕೊಳ್ಳಬೇಡಿ. ನೋಟ್ಸ್ ಬರೆಸುವವರ ಮೇಲೂ ಸಿಟ್ಟು ಬೇಡ. ಖಾಯಂ ಹುದ್ದೆಗಳು ಖಾಲಿ ಬಿದ್ದಿರುವ ಕಡೆ ಅತಿಥಿ ಉಪನ್ಯಾಸಕರೊಬ್ಬರ ತಲೆಯ ಮೇಲೆ ತಮ್ಮದಲ್ಲದ ಪತ್ರಿಕೆಗಳೂ ಬಂದು ಬೀಳುತ್ತವೆ.

ಆದರೂ ಬಿಡಬೇಡಿ ಎಂದೇ ಹೇಳುತ್ತೇನೆ. ಉಳಿದಿರುವುದು ಎರಡೇ ಸೆಮಿಸ್ಟರ್. ನೆಟ್, ಕೆ-ಸೆಟ್ ಪರೀಕ್ಷೆಗಳ ಮೂಲಕ ಕಾಲೇಜು ಅಧ್ಯಾಪಕರ ಅರ್ಹತೆ ಪಡೆಯಲು ಸ್ನಾತಕೋತ್ತರ ಪದವಿ ಬೇಕೇ ಬೇಕು. ಅದಕ್ಕಿಂತ ಹೆಚ್ಚಾಗಿ, ನಿಮಗೆ ಬೇಸರ ತಂದಿರುವುದು ವಿಭಾಗ, ವಿಷಯವಲ್ಲ. ಶಾಸನದ ಆಸೆ ಇನ್ನೂ ಆರಿಲ್ಲವೆಂಬುದು ಪತ್ರದಲ್ಲೇ ಕಾಣುತ್ತದೆ.

ಆ ಪತ್ರಿಕೆಯನ್ನು ಬಾಯಿಮಾತಿನಲ್ಲಿ ಕೇಳಬೇಡಿ. ಆಸಕ್ತಿಯಿರುವ ಸಹಪಾಠಿಗಳ ಸಹಿ ಹಾಕಿಸಿ, ವಿಭಾಗದ ಮುಖ್ಯಸ್ಥರಿಗೆ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಹೊರಗಿನ ತಜ್ಞರೊಬ್ಬರನ್ನು ಕರೆಸಿ ನಾಲ್ಕು ದಿನದ ಕಮ್ಮಟವನ್ನಾದರೂ ಮಾಡಿಸಿ ಎಂದು ಅದರಲ್ಲೇ ಬರೆಯಿರಿ. ಮೈಸೂರಿನಲ್ಲಿ ಪುರಾತತ್ವ ಸರ್ವೇಕ್ಷಣ ಇಲಾಖೆಯ ಶಾಸನ ವಿಭಾಗವಿದೆ, ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲಿ ಶಾಸನಶಾಸ್ತ್ರ ವಿಭಾಗವೇ ಇದೆ. ತಜ್ಞರು ಸಿಗುವುದಿಲ್ಲ ಎಂಬ ಮಾತು ನಿಲ್ಲುವುದಿಲ್ಲ. ಮುಂದೆ ಕಿರುಪ್ರಬಂಧ ಬರೆಯುವ ಅವಕಾಶವಿದ್ದರೆ ನಿಮ್ಮ ತಾಲೂಕಿನ ಶಾಸನಗಳನ್ನೇ ವಿಷಯವಾಗಿ ಆರಿಸಿಕೊಳ್ಳಿ.

ಅಷ್ಟರವರೆಗೆ ಕಾಯುತ್ತ ಕೂರಬೇಕಾಗಿಲ್ಲ. ನೀವಿರುವುದೇ ಶಾಸನಗಳಿಗೆ ಹೆಸರಾದ ಬಳ್ಳಿಗಾವಿ, ತಾಳಗುಂದಗಳಿರುವ ತಾಲೂಕಿನಲ್ಲಿ! ಬಿ.ಎಲ್. ರೈಸ್ ಅವರ ಶಾಸನ ಸಂಗ್ರಹ 'ಎಪಿಗ್ರಾಫಿಯಾ ಕರ್ನಾಟಿಕಾ'ದ ಏಳನೇ ಸಂಪುಟದಲ್ಲಿ ಶಿಕಾರಿಪುರದ ಶಾಸನಗಳಿಗೆ ಬೇರೆಯೇ ಕ್ರಮಸಂಖ್ಯೆಗಳಿವೆ. ಹಳೆಯ ಮುದ್ರಣ ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತದೆ. ನಿಮ್ಮೂರಿನ ಹತ್ತಿರದ ಒಂದೇ ಒಂದು ಶಾಸನ ಆರಿಸಿ, ಅದರಲ್ಲಿ ಅಚ್ಚಾಗಿರುವ ಶಾಸನದ ಪಾಠವನ್ನು ಕೈಯಿಂದ ಬರೆದುಕೊಂಡು ಕಲ್ಲಿನ ಮುಂದೆ ಕುಳಿತುಕೊಳ್ಳಿ. ನಡು ಮಧ್ಯಾಹ್ನ ಹೋದರೆ ಏನೂ ಕಾಣುವುದಿಲ್ಲ. ಇಳಿಹೊತ್ತಿನಲ್ಲಿ ಬಿಸಿಲು ಓರೆಯಾಗಿ ಬಿದ್ದಾಗ ಕೊರೆದ ಗೆರೆಗಳಲ್ಲಿ ನೆರಳು ನಿಲ್ಲುತ್ತದೆ, ಅಕ್ಷರ ಎದ್ದು ಬರುತ್ತದೆ. ಬಿಸಿಲು ಸಿಗದ ಕಡೆ ಕೈಗನ್ನಡಿಯಿಂದ ಬೆಳಕು ಹಾಯಿಸಿ. ಸುಣ್ಣ, ಸೀಮೆಸುಣ್ಣ ಬಳಿಯಬೇಡಿ, ಕಲ್ಲು ಕೆಡುತ್ತದೆ. ಮೊದಲ ದಿನ 'ಸ್ವಸ್ತಿ' ಎಂಬ ಒಂದೇ ಪದ ಕಣ್ಣಿಗೆ ಸಿಕ್ಕರೂ ಸಾಕು, ಮರುದಿನ ನೀವಾಗಿಯೇ ಹೋಗುತ್ತೀರಿ.

ಅಪ್ಪನಿಗೆ ಇದ್ದದ್ದನ್ನು ಇದ್ದಹಾಗೆ ಹೇಳಿ: ಪಾಠ ಚೆನ್ನಾಗಿಲ್ಲ, ಆದರೆ ಮುಗಿಸುತ್ತೇನೆ, ಬಿ.ಇಡ್. ಬಾಗಿಲು ಆಮೇಲೂ ತೆರೆದಿರುತ್ತದೆ. ಆಮೇಲೆ ಅವರನ್ನೇ ಒಂದು ಮಾತು ಕೇಳಿ. ಯಾರ ಗದ್ದೆಯ ಬದುವಿನಲ್ಲಿ ಬರಹದ ಕಲ್ಲು ನಿಂತಿದೆ, ಯಾವ ಕೆರೆಯ ಏರಿಯ ಮೇಲೆ ವೀರಗಲ್ಲು ಬಿದ್ದಿದೆ ಎಂಬುದು ಊರಿನ ಹಿರಿಯರಿಗೆ ಗೊತ್ತಿರುತ್ತದೆ. ರಜೆ ಮುಗಿಯುವ ಮೊದಲು ಒಂದು ಸಂಜೆ ಅವರನ್ನೂ ಜೊತೆಗೆ ಕರೆದುಕೊಂಡು ಹೋಗಿ.